ಬಿಕೆನೂಕಾದ ನೂರ ಹನ್ನೊಂದು ತಿಂಗಳು

ಬೆಳಗಿನ ಐದೂವರೆ. ಕಿರಿಬಾಸ್ ದೇಶದ ರಾಜಧಾನಿ ತರಾವಾ ದ್ವೀಪದ ನೀರಿನ ಮೀಸಲು ಜಾಗದ ಬೇಲಿಯೊಳಗೆ ನೇಯ್ (ಇಲ್ಲಿ ಹೆಂಗಸರಿಗೆ ಗೌರವದ ಮಾತು) ತಾರೇಮಾ ಮಂಡಿಯೂರಿ ಕುಳಿತು, ನೆಲದಲ್ಲಿ ಹುಗಿದ ಕೊಳವೆಯ ಮುಚ್ಚಳ ತಿರುಗಿಸುತ್ತಿದ್ದಾರೆ. ಮುಚ್ಚಳಕ್ಕೆ ತುಕ್ಕು ಹಿಡಿದಿದೆ. "ಬೆಳಬೆಳಗ್ಗೆ ಹಠ ಮಾಡ್ಬೇಡ ಮಾರಾಯ, ನಿನ್ನಂಥೋರು ಇನ್ನೂ ಇಪ್ಪತ್ತೊಂದು ಜನ ಕಾಯ್ತಿದಾರೆ" ಎಂದು ಅದನ್ನು ಗದರಿಸುತ್ತಾರೆ. ಮುಚ್ಚಳ ಬಿಟ್ಟುಕೊಡುತ್ತದೆ. ಅಳತೆಯ ಟೇಪನ್ನು ಒಳಗೆ ಇಳಿಬಿಟ್ಟರೆ, ತುದಿ ನೀರು ಮುಟ್ಟಿದ ಕೂಡಲೇ 'ಕುಂಯ್' ಎನ್ನುತ್ತದೆ. ಆಮೇಲೆ ನೀರಿನ ಉಪ್ಪು ಅಳೆಯುವ ಕಡ್ಡಿ. ಎರಡೂ ಅಂಕಿ ಪುಸ್ತಕಕ್ಕೆ ಹೋಗುತ್ತವೆ.

ಪಕ್ಕದ ತೆಂಗಿನ ಮರದ ತುದಿಯಲ್ಲಿ ಕಳ್ಳು ಇಳಿಸುವವನು ತನ್ನ ಹಾಡು ನಿಲ್ಲಿಸಿ ಕೂಗುತ್ತಾನೆ. "ಏನಕ್ಕಾ, ನೀರು ನಿನ್ನೆಯಿಂದ ಎಷ್ಟು ಹೆಜ್ಜೆ ನಡೀತು?"

"ನೀನು ಕಳ್ಳಿಗೆ ನೀರು ಬೆರೆಸೋದು ನಿಲ್ಸು, ಆಗ ಸರಿಯಾದ ಲೆಕ್ಕ ಸಿಗತ್ತೆ!"

ಅವನು ನಕ್ಕು ಮತ್ತೆ ಹಾಡು ಹಿಡಿಯುತ್ತಾನೆ. ಇಪ್ಪತ್ತೊಂದು ವರ್ಷದಿಂದ ಈ ಜಗಳ ನಡೆದಿದೆ. ಮೊದಲು ಅವನ ಅಪ್ಪನ ಜೊತೆ, ಈಗ ಅವನ ಜೊತೆ.

ತಾರೇಮಾಗೆ ಈಗ ನಲವತ್ತೇಳು. ನೀರಿನ ಕಚೇರಿಯ ಕಾಗದದಲ್ಲಿ ಆಕೆಯ ಹುದ್ದೆ 'ಸಹಾಯಕಿ'. ವರದಿಗಳ ಮೇಲೆ ದೊಡ್ಡ ದೊಡ್ಡವರ ಹೆಸರು ಇರುತ್ತದೆ, ಈಕೆಯದು ಎಲ್ಲೂ ಇಲ್ಲ. ಆದರೆ ಒಮ್ಮೆ ಒಂದು ಇಡೀ ಊರು ಮನೆಗೆ ಹೋಗಬಹುದೋ ಇಲ್ಲವೋ ಎನ್ನುವುದು ಈಕೆ ಇಡುವ ಹೆಜ್ಜೆಗಳ ಮೇಲೆ ನಿಂತಿತ್ತು. ಅದು ಆಕೆಯದೇ ಊರು.

ಹೆಜ್ಜೆ ಎಂದರೆ ಕಾಲದ ಹೆಜ್ಜೆ. ಇಲ್ಲಿನ ಹವಳದ ನೆಲದಡಿ, ಉಪ್ಪುನೀರಿನ ಮೇಲೆ ಸಿಹಿನೀರು ತೆಳ್ಳಗೆ ತೇಲುತ್ತಿರುತ್ತದೆ. ಮಳೆ ಬಂದರೆ ದಪ್ಪವಾಗುತ್ತದೆ. ಮಳೆ ಕೈಕೊಟ್ಟರೆ, ಇಲ್ಲವೇ ಆಸೆಬುರುಕರ ಹಾಗೆ ಪಂಪು ಹಚ್ಚಿದರೆ ಸವೆಯುತ್ತದೆ, ಬಾವಿಗೆ ಉಪ್ಪು ಏರುತ್ತದೆ. ಅದು ನಾಳೆ, ಮುಂದಿನ ವರ್ಷ, ಇನ್ನು ನಲವತ್ತು ವರ್ಷಕ್ಕೆ ಏನಾಗುತ್ತದೆಂದು ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಲೆಕ್ಕಕ್ಕೆ ಕಚೇರಿಯವರು 'ಮಾಡೆಲ್' ಎನ್ನುತ್ತಾರೆ. ಆ ಮಾಡೆಲಿಗೆ ಕಾಲವನ್ನು ತುಂಡು ಮಾಡಿ ಕೊಡುವುದು ತಾರೇಮಾ ಕೆಲಸ. ಮೊದಲು ವರ್ಷಗಳನ್ನು ಅವಧಿಗಳಾಗಿ ಒಡೆಯಬೇಕು, ಒಂದು ಅವಧಿಯಲ್ಲಿ ಮಳೆಯೂ ಪಂಪೂ ಒಂದೇ ಸಮ. ಆಮೇಲೆ ಒಂದೊಂದು ಅವಧಿಗೂ ಹನ್ನೆರಡು ಹೆಜ್ಜೆ, ಪ್ರತಿ ಹೆಜ್ಜೆ ಹಿಂದಿನದರ ಒಂದೂಕಾಲು ಪಟ್ಟು. ಮೂವತ್ತು ದಿನದ ಅವಧಿಯಾದರೆ ಮೊದಲ ಹೆಜ್ಜೆ ಹದಿಮೂರು ಗಂಟೆ, ಕೊನೆಯದು ಆರೂವರೆ ದಿನ.

ಅಯ್ಯೋ, ಇದೇನು ಮಹಾ ಕೆಲಸ ಎನ್ನಬೇಡಿ. "ಮಳೆ ನಿಂತ್ರೆ ಮೊದಲ ನಾಲ್ಕು ದಿನ ನೀರು ಗಡಿಬಿಡಿ ಮಾಡತ್ತೆ, ಆಮೇಲೆ ಸಮಾಧಾನ ಮಾಡ್ಕೊಳ್ಳತ್ತೆ" ಎನ್ನುತ್ತಾರೆ ತಾರೇಮಾ. "ಅದಕ್ಕೇ ಮೊದ್ಲು ಪುಟ್ಟ ಹೆಜ್ಜೆ, ಆಮೇಲೆ ಉದ್ದ ಹೆಜ್ಜೆ. ಶುರುವಿಗೇ ದಾಪುಗಾಲು ಹಾಕಿದ್ರೆ ಕಂಪ್ಯೂಟರ್ ಮುಗ್ಗರಿಸಿ ಬೀಳತ್ತೆ. ಕೊನೇವರೆಗೂ ಪುಟ್ಟ ಹೆಜ್ಜೇನೇ ಇಡ್ತಾ ಹೋದ್ರೆ, ಉತ್ತರ ಬರೋ ಹೊತ್ತಿಗೆ ನನಗೆ ಹಲ್ಲಿರಲ್ಲ."

ಎಂಟು ಗಂಟೆಗೆ ಇಪ್ಪತ್ತೆರಡು ಕೊಳವೆ ಮುಗಿದು, ಆಕೆ ರಸ್ತೆಬದಿಯಲ್ಲಿ ಬಸ್ಸಿಗೆ ನಿಲ್ಲುತ್ತಾರೆ. ಕೈಯಲ್ಲಿ ಸುಟ್ಟ ದೀವಿಹಲಸಿನ ಎರಡು ಹೋಳು, ಅದೇ ತಿಂಡಿ. ಬಸ್ಸು ಬರುವವರೆಗೆ ಕೊಲ್ಲಿಯ ಕಡೆ ನೋಡುತ್ತಾರೆ. "ನಮ್ಮೂರಲ್ಲಿ ಬಾಗಿಲಿಗೆ ಬಂದು ನಿಂತ್ರೆ ಕೊಲ್ಲಿ ಎಡಗಡೆ, ಇಲ್ಲಿ ಬಲಗಡೆ. ಇಪ್ಪತ್ತೊಂದು ವರ್ಷ ಆಯ್ತು, ಇವತ್ತಿಗೂ ಎದ್ದ ಕೂಡ್ಲೇ ತಪ್ಪು ಕಡೆ ತಿರುಗ್ತೀನಿ" ಎಂದು ನಗುತ್ತಾರೆ. ನಗು ಮುಗಿಯುವಷ್ಟರಲ್ಲಿ ಕಣ್ಣು ಒದ್ದೆ. ಊರಿನ ಮಾತು ಬಂದರೆ ಹೀಗೇ, ಮುಚ್ಚಿಡುವ ಗೋಜಿಗೂ ಹೋಗುವುದಿಲ್ಲ.

ಊರು ಬಿಕೆನೂಕಾ. ದಕ್ಷಿಣಕ್ಕೆ ಹಡಗಿನಲ್ಲಿ ಮೂರು ದಿನದ ದಾರಿ. ಈ ಬದಿಯಿಂದ ಆ ಬದಿಗೆ ನಡೆದರೆ ಆರು ನಿಮಿಷ, ಅಷ್ಟೇ ಅಗಲದ ನಡುಗಡ್ಡೆ. ತಾಯಿಯ ಮನೆಯ ಹಿಂದೆ ಒಂದು ಬಾವಿ, ಅದರಾಚೆ ಅಜ್ಜಿಯ ಅಜ್ಜಿ ತೋಡಿಸಿದ ಬಬಾಯಿ ಗುಂಡಿ. ಬಬಾಯಿ ಎಂದರೆ ಆಳೆತ್ತರದ ಕೆಸು ಎಂದುಕೊಳ್ಳಿ, ಅದರ ಬೇರು ಸಿಹಿನೀರಿನಲ್ಲಿ ನಿಂತಿರಬೇಕು. ಕೆಲಸಕ್ಕೆಂದು ತರಾವಾಕ್ಕೆ ಬಂದಾಗ ತಾರೇಮಾ ತಾಯಿಗೆ ಹೇಳಿದ್ದು ಒಂದೇ ಮಾತು, "ಐವತ್ತಕ್ಕೆ ನಿವೃತ್ತಿ ಕೊಡ್ತಾರೆ, ಮಾರನೇ ದಿನ ಹಡಗು ಹತ್ತಿ ಬರ್ತೀನಿ. ನನ್ನ ಪಾಲಿನ ಬಬಾಯಿ ಕೀಳ್ಬೇಡ."

ಆದರೆ ಆಕೆ ಹೋಗುವ ಮೊದಲೇ ಊರೇ ಇಲ್ಲಿಗೆ ಬಂತು. ಆರು ವರ್ಷದ ಹಿಂದಿನ ಬರದಲ್ಲಿ ಬಿಕೆನೂಕಾದ ಬಾವಿಗಳು ಒಂದೊಂದಾಗಿ ಉಪ್ಪಾದವು. ಬಬಾಯಿ ಹಳದಿ ತಿರುಗಿ ಕೊಳೆಯಿತು. ಸರಕಾರ ಹಡಗು ಕಳಿಸಿ ಜನರನ್ನು ತರಾವಾದ ಬೇಶಿಯೋಗೆ ಕರೆತಂದಿತು. ಮಳೆ ಅಳೆಯುವ ಮುದುಕ ಬೌರೋ ಮತ್ತು ನಾಲ್ಕು ಮಂದಿ ಮಾತ್ರ ಹಟ ಹಿಡಿದು, ಎಳನೀರು ಕುಡಿದುಕೊಂಡು ಇನ್ನೊಂದು ವರ್ಷ ಅಲ್ಲೇ ಉಳಿದರು, ಆಮೇಲೆ ಅವರೂ ಬಂದರು. ಒಟ್ಟು ಇನ್ನೂರ ಹತ್ತು ಜನ. ಯಾರದೋ ಮನೇಬ, ಎಂದರೆ ಸಭೆ ಕೂರುವ ದೊಡ್ಡ ಚಾವಡಿ, ಅದರ ಸುತ್ತ ತಗಡಿನ ಗೂಡು ಕಟ್ಟಿಕೊಂಡರು. ನೀರಿನ ಲಾರಿ ಬಂದಾಗ ಬಕೆಟ್ಟು ಹಿಡಿದು ಸಾಲು. ಅಷ್ಟರಲ್ಲಿ ಊರಲ್ಲಿ ಮಳೆ ಶುರುವಾಗಿದೆಯೆಂದು ಹಡಗಿನವರು ಸುದ್ದಿ ತಂದರು. "ಹಾಗಾದ್ರೆ ಹೊರಡೋಣ" ಎಂದರು ಹಿರಿಯರು. "ತಡೀರಿ, ಮಾಡೆಲು ಓಡಿಸಿ ನೋಡೋಣ" ಎಂದಿತು ಸರಕಾರ.

ಬ್ರಿಸ್ಬೇನಿನಿಂದ ತಜ್ಞರು ಬಂದರು. ಅವರಿಗೆ ಬೇಕಾದದ್ದು ಎರಡು. ಬಾವಿಯ ಉಪ್ಪಿನ ಅಂಕಿಗಳು, ಅವನ್ನು ಹಡಗಿನಲ್ಲಿ ಬಂದುಹೋಗುವ ನರ್ಸು ತಾರೀಕು ಹಾಕಿ ಬರೆದಿಟ್ಟಿದ್ದರು. ಮತ್ತೆ ಮಳೆಯ ಅಂಕಿಗಳು. ಅವು ಬೌರೋ ಅಜ್ಜ ಡಬ್ಬವಿಟ್ಟು ಅಳೆದು ಒಂಬತ್ತು ವರ್ಷ ಬರೆದ ನೋಟುಬುಕ್ಕಿನಲ್ಲಿದ್ದವು, ನೂರ ಹನ್ನೊಂದು ಸಾಲು. ನೋಟುಬುಕ್ಕು ಕಿರಿಬಾಸ್ ಭಾಷೆಯಲ್ಲಿತ್ತು. ಅದನ್ನು ಓದಿ, ಕಂಪ್ಯೂಟರಿಗೆ ಹಾಕಿಕೊಟ್ಟದ್ದು ತಾರೇಮಾ.

ಮಾಡೆಲು ಓಡಿತು. ಬಂದ ಉತ್ತರ ಕೇಳಿದರೆ ಎದೆ ಒಡೆಯಬೇಕು. ಬಿಕೆನೂಕಾದಲ್ಲಿ ಮಳೆ ಚೆನ್ನಾಗಿ ಹುಯ್ಯುತ್ತಿರುವಾಗಲೇ ಬಾವಿಗಳು ಉಪ್ಪಾಗಿವೆ, ಹಾಗಾಗಿ ತಪ್ಪು ಮಳೆಯದಲ್ಲ, ನೆಲದ್ದು. ಕೆಳಗೆ ಹವಳದ ಕಲ್ಲು ಬಿರುಕು ಬಿಟ್ಟು ಸಮುದ್ರ ಒಳಗೆ ಬರುತ್ತಿದೆ. ಇನ್ನು ಎಷ್ಟು ಮಳೆ ಬಂದರೂ ಅಲ್ಲಿ ಸಿಹಿನೀರು ನಿಲ್ಲುವುದಿಲ್ಲ, ಜನ ಹಿಂತಿರುಗುವಂತಿಲ್ಲ. ವರದಿಯನ್ನು ಮನೇಬದಲ್ಲಿ ಓದಿ ಹೇಳುವ ಕೆಲಸವೂ ತಾರೇಮಾ ಪಾಲಿಗೇ ಬಂತು. ಯಾರೂ ಜೋರಾಗಿ ಅಳಲಿಲ್ಲ. ಆಕೆಯ ತಾಯಿ ಚಾಪೆ ಹೆಣೆಯುತ್ತಿದ್ದ ಕೈ ನಿಲ್ಲಿಸಿ ಕೇಳಿದ್ದು ಇಷ್ಟೇ, "ಕಲ್ಲು ಒಡೆದಿದ್ದು ನಮಗೆ ಕೇಳಿಸ್ಲಿಲ್ವಲ್ಲೇ?"

ಎರಡು ವರ್ಷ ಹಾಗೇ ಹೋಯಿತು. ಆಮೇಲೆ ಕಚೇರಿಗೆ ಹೊಸ ಕಂಪ್ಯೂಟರ್ ಬಂತು. ಎಂಜಿನಿಯರ್ ಇಯೋತೇಬಾ, ತಾರೇಮಾಗಿಂತ ಇಪ್ಪತ್ತು ವರ್ಷ ಚಿಕ್ಕವನು, ಹಳೆಯ ಮಾಡೆಲುಗಳ ಅವಧಿಗಳನ್ನು ಇನ್ನೂ ಸಣ್ಣದಾಗಿ ಒಡೆಯಲು ಹೇಳಿದ. ಬಿಕೆನೂಕಾದ ಸರದಿ ಬಂದಾಗ ಆಕೆ ಬೀರುವಿನಿಂದ ಬೌರೋನ ಮೂಲ ನೋಟುಬುಕ್ಕನ್ನೇ ತೆಗೆದರು. ಊಟದ ಹೊತ್ತು. ಕೆಲಸಕ್ಕಿಂತ ಹೆಚ್ಚಾಗಿ, ಊರಿನ ವಾಸನೆಗೆ. ಹಾಳೆಗಳಲ್ಲಿ ಇನ್ನೂ ಕೊಬ್ಬರಿ ಎಣ್ಣೆಯ ಕಮಟು ಇತ್ತು.

ಸಾಲುಗಳ ಮಗ್ಗುಲಲ್ಲಿ ಅಜ್ಜನ ಸಣ್ಣ ಸಣ್ಣ ಟಿಪ್ಪಣಿಗಳು. ಏಳನೇ ಸಾಲಿನ ಪಕ್ಕ, 'ಬಾವುಟದ ಹಬ್ಬ. ಇಡೀ ದಿನ ಮಳೆ. ಓಟದ ಪಂದ್ಯ ನಿಂತಿತು.' ಸರಿ, ಬಾವುಟದ ಹಬ್ಬ ಎಂದರೆ ದೇಶ ಸ್ವತಂತ್ರವಾದ ದಿನ, ಜುಲೈ ಹನ್ನೆರಡು, ಏಳನೇ ತಿಂಗಳು. ಪುಟ ಮಗುಚಿದರು. ಐದನೇ ವರ್ಷದ ಹನ್ನೆರಡು ಸಾಲುಗಳಲ್ಲಿ ಬಾವುಟದ ಹಬ್ಬ ಒಂಬತ್ತನೆಯದರ ಪಕ್ಕ ಇತ್ತು. ಒಂಬತ್ತನೇ ವರ್ಷದಲ್ಲಿ ಹತ್ತನೆಯದರ ಪಕ್ಕ. ಅಕ್ಟೋಬರಿನಲ್ಲಿ ಬಾವುಟದ ಹಬ್ಬ ಮಾಡುವ ಹುಚ್ಚರು ಯಾರು? ತಾರೇಮಾ ಬೆರಳು ಮಡಿಸಿ ಎಣಿಸಿದರು. ಇನ್ನೊಂದು ಸಲ ಎಣಿಸಿದರು. ಊಟದ ಡಬ್ಬ ಅಲ್ಲೇ ಬಿಟ್ಟು ಬೇಶಿಯೋದ ಬಸ್ಸು ಹತ್ತಿದರು.

ಬೌರೋ ಅಜ್ಜ ಬಲೆ ಹೊಲಿಯುತ್ತ ಕುಳಿತಿದ್ದರು.

"ಅಜ್ಜಾ, ಮಳೆ ಪುಸ್ತಕದಲ್ಲಿ ಹೊಸ ಸಾಲು ಯಾವಾಗ ಶುರು ಮಾಡ್ತಿದ್ದೆ?"

"ಹೊಸ ತಿಂಗಳು ಕಂಡಾಗ. ಮತ್ತೆ ಇನ್ಯಾವಾಗ?"

"ಕಂಡಾಗ ಅಂದ್ರೆ? ಕ್ಯಾಲೆಂಡರಲ್ಲಾ?"

"ಕ್ಯಾಲೆಂಡರ್ರು ಹಡಗಲ್ಲಿ ಬರ್ತಿತ್ತು ಕಣೇ, ಒಂದ್ಸಲ ಮಾರ್ಚಿಗೆ, ಒಂದ್ಸಲ ಬರ್ತಾನೇ ಇರ್ಲಿಲ್ಲ. ಆಕಾಶದ್ದು ತಪ್ಪದೇ ಬರ್ತಿತ್ತು. ಪಶ್ಚಿಮದಲ್ಲಿ ಗೆರೆ ಕಂಡ ಸಂಜೆ ಹಳೇದು ಕೂಡಿಸಿ ಹೊಸ ಸಾಲು. ಯಾಕೆ?"

ನೋಟುಬುಕ್ಕಿನ ತಲೆಯ ಮೇಲೆ ಅಜ್ಜ ಬರೆದಿದ್ದದ್ದು 'ನಮ್ವಕಾಯಿನಾ' ಎಂದು. ಆ ಪದಕ್ಕೆ ಚಂದ್ರ ಎಂದೂ ಅರ್ಥ, ಮೂವತ್ತು ದಿನದ ಲೆಕ್ಕ ಎಂದೂ ಅರ್ಥ, ಥೇಟು ನಮ್ಮ ಕನ್ನಡದ 'ತಿಂಗಳು' ಇದ್ದ ಹಾಗೆ. ಕಚೇರಿಯ ಕುರ್ಚಿಯಲ್ಲಿ ಕೂತು ಕೂತು ಅಭ್ಯಾಸವಾಗಿದ್ದ ತಾರೇಮಾ, ಊರಿನ ಮಗಳಾಗಿದ್ದೂ, ಮೊದಲ ಸಾಲಿಗೆ 'ಜನವರಿ' ಎಂದು ಬರೆದು ಸರಸರ ಕೆಳಗಿಳಿದಿದ್ದರು. ಚಂದ್ರನ ಹನ್ನೆರಡು ತಿಂಗಳಿಗೆ ವರ್ಷ ತುಂಬುವುದಿಲ್ಲ, ಹನ್ನೊಂದು ದಿನ ಸಾಲದು. ನಮ್ಮ ಪಂಚಾಂಗದವರು ಅಧಿಕ ಮಾಸ ಸೇರಿಸಿ ಅದನ್ನು ಸರಿತೂಗಿಸುತ್ತಾರೆ. ಬೌರೋನ ಪುಸ್ತಕಕ್ಕೆ ಅಂಥ ಪಂಚಾಂಗದವರು ಇರಲಿಲ್ಲ. ವರ್ಷಕ್ಕೆ ಹನ್ನೊಂದು ದಿನ ಜಾರಿ ಜಾರಿ, ಬರದ ವರ್ಷ ಬರುವಷ್ಟರಲ್ಲಿ ಹತ್ತಿರ ಹತ್ತಿರ ಮೂರು ತಿಂಗಳ ವ್ಯತ್ಯಾಸ. ಬಾವಿಯ ತಾರೀಕು ಸರಿ, ಮಳೆಯ ತಾರೀಕು ಮೂರು ತಿಂಗಳು ತಡ. ಅದಕ್ಕೇ ಮಾಡೆಲಿನ ಕಣ್ಣಿಗೆ ಬರ ಬರುವ ಮೊದಲೇ ಬಾವಿ ಉಪ್ಪಾದದ್ದು.

ಆಕೆ ಅಜ್ಜನಿಗೆ ಇದನ್ನೆಲ್ಲ ಬಿಡಿಸಿ ಹೇಳಿದರು. ಅಜ್ಜನ ಮುಖ ಸಣ್ಣಗಾಯಿತು. "ಹಾಗಾದ್ರೆ ನನ್ನಿಂದಾನಾ ಮಗಳೇ? ಜನ ಇಲ್ಲಿ ಬಿದ್ದಿರೋದು ನನ್ನಿಂದಾನಾ?"

"ಇಲ್ಲ ಅಜ್ಜಾ. ನೀನು ಸರಿಯಾಗೇ ಬರ್ದಿದ್ದೆ. ಓದಿದವಳು ನಾನು."

ಮಾರನೇ ದಿನ ಬೆಳಿಗ್ಗೆ ಆರಕ್ಕೇ ಕಚೇರಿ ತೆರೆದು ಕೂತರು. ನೂರ ಹನ್ನೊಂದು ಅವಧಿ, ಒಂದೊಂದಕ್ಕೂ ಇಪ್ಪತ್ತೊಂಬತ್ತೂವರೆ ದಿನ, ಒಂದೊಂದರಲ್ಲೂ ಹನ್ನೆರಡು ಹೆಜ್ಜೆ. ಒಟ್ಟು ಸಾವಿರದ ಮುನ್ನೂರ ಮೂವತ್ತೆರಡು. ಒಡೆದಿದೆ ಎಂದು ನೆಲಕ್ಕೆ ಹೊರಿಸಿದ್ದ ಬಿರುಕನ್ನೂ ಮಾಡೆಲಿನಿಂದ ತೆಗೆದುಹಾಕಿದರು. ನಡುವೆ ಒಮ್ಮೆ ಕರೆಂಟು ಹೋಗಿ ಮೊದಲಿನಿಂದ ಓಡಿಸಬೇಕಾಯಿತು. ಮಧ್ಯಾಹ್ನ ಮೂರಕ್ಕೆ ಪರದೆಯ ಮೇಲೆ ಗೆರೆ ಮೂಡಿತು. ಮೊದಲು ಬರ, ಎರಡೂವರೆ ತಿಂಗಳ ನಂತರ ಉಪ್ಪು, ಆಮೇಲೆ ಮಳೆ, ಆಮೇಲೆ ಮೆಲ್ಲಗೆ ಸಿಹಿ. ನರ್ಸಮ್ಮ ಬರೆದಿಟ್ಟ ಚುಕ್ಕಿಗಳ ಮೇಲೇ ಗೆರೆ ಹಾದುಹೋಗಿತ್ತು. ನೆಲ ಒಡೆದಿರಲಿಲ್ಲ.

"ಕೂತ್ಬಿಡ್ತು ಅಕ್ಕಾ! ಗೆರೆ ಕೂತ್ಬಿಡ್ತು!" ಇಯೋತೇಬಾ ಕುಣಿದ. ತಾರೇಮಾ ಕುಣಿಯಲಿಲ್ಲ. ಎರಡು ವರ್ಷದ ಲಾರಿ ನೀರಿನ ಸಾಲು ಅವರ ಕಣ್ಣ ಮುಂದಿತ್ತು. ಅವನಿಗೆ ಅದು ಅರ್ಥವಾಯಿತು. "ಅಂಕಿ ತಿದ್ದುಪಡಿ ಅಂತ ಒಂದು ಸಾಲು ಬರೆದ್ರೆ ಸಾಕಕ್ಕಾ. ಯಾರು ಮಾಡಿದ್ದು ಅಂತ ಯಾರೂ ಕೇಳಲ್ಲ."

"ಕೇಳಲ್ಲ ಅಂತಾನೇ ನಾನು ಹೇಳ್ಬೇಕು" ಎಂದರು ತಾರೇಮಾ.

ಮನೇಬದಲ್ಲಿ ಹಿರಿಯರ ಮುಂದೆ ಚಕ್ಕಳಮಕ್ಕಳ ಕೂತು ಎಲ್ಲವನ್ನೂ ಹೇಳಿದರು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಬ್ಬಾಕೆ ಎದ್ದು ನಿಂತಳು. "ಒಂದು ಪದ! ನಿನ್ನ ಒಂದು ಪದಕ್ಕೆ ನಾನು ಎರಡು ವರ್ಷ ಬಕೆಟ್ಟು ಹಿಡಿದು ಬಿಸಿಲಲ್ಲಿ ನಿಂತೆನಾ? ನನ್ನ ಅತ್ತೆ ಊರು ಊರು ಅಂತ ಇಲ್ಲೇ ಕಣ್ಮುಚ್ಚಿದ್ಳಲ್ಲೇ ತಾರೇಮಾ!" ತಾರೇಮಾ ತಲೆ ತಗ್ಗಿಸಿದರು.

ಆಗ ಬೌರೋ ಅಜ್ಜ ಕೆಮ್ಮಿದರು. "ತಪ್ಪು ದಂಡ ಹಾಕೋದಾದ್ರೆ ಮೂರು ಜನಕ್ಕೂ ಹಾಕಿ. ಬರೆದವನಿಗೆ, ಓದಿದವಳಿಗೆ, ಮೇಲಿರೋ ಆ ಚಂದ್ರನಿಗೆ. ಅವನು ಇನ್ನೊಂದು ಹನ್ನೊಂದು ದಿನ ನಿಧಾನ ನಡೆದಿದ್ರೆ ಈ ಗೋಳೇ ಇರ್ತಿರ್ಲಿಲ್ಲ." ಯಾರೋ ಕಿಸಕ್ಕೆಂದರು. ಆಮೇಲೆ ಚಾವಡಿಗೆ ಚಾವಡಿಯೇ ನಕ್ಕಿತು, ಎದ್ದು ನಿಂತಿದ್ದ ಆಕೆಯೂ ಅಳುತ್ತಲೇ ನಕ್ಕಳು. ದಂಡವಂತೂ ತಪ್ಪಲಿಲ್ಲ. ಇಡೀ ಊರಿಗೆ ಒಂದು ಹೊತ್ತಿನ ಊಟ. ತಾರೇಮಾ ಹಾಕಿಸಿದರು, ಎರಡು ಹಂದಿ ಸಮೇತ.

ಆದರೆ ನೆಲ ಒಡೆದಿಲ್ಲ ಎಂದರೆ ನೀರು ಅಕ್ಷಯ ಎಂದಲ್ಲ. ತಾರೇಮಾ ಮಾಡೆಲನ್ನು ನಲವತ್ತು ವರ್ಷ ಮುಂದಕ್ಕೆ ಓಡಿಸಿದರು, ನಡುವೆ ಅಂಥದೇ ನಾಲ್ಕು ಬರ ಹಾಕಿ. ತಲೆಗೆ ದಿನಕ್ಕೆ ಐವತ್ತು ಲೀಟರಿನ ಹಾಗೆ, ನೂರ ಐವತ್ತು ಜನಕ್ಕೆ ನೀರು ಸಾಲುತ್ತದೆ ಎಂದು ಬಂತು. ಆ ಅಂಕಿಯ ಮೇಲೆ ಸರಕಾರ ಒಪ್ಪಿಗೆ ಕೊಟ್ಟಿತು. ಇನ್ನೂರ ಹತ್ತರಲ್ಲಿ ಊರು ಊರು ಎನ್ನುತ್ತಲೇ ಕಣ್ಮುಚ್ಚಿದ ಆ ಅತ್ತೆ ಇರಲಿಲ್ಲ, ಐವತ್ತೊಂಬತ್ತು ಮಂದಿ ಕೆಲಸ, ಮಕ್ಕಳ ಶಾಲೆ ಎಂದು ಇಲ್ಲೇ ಉಳಿಯಲು ಮನಸ್ಸು ಮಾಡಿದರು. ಹಿರಿಯರು ಹೊರಡುವವರ ಪಟ್ಟಿ ಬರೆದು ತಂದು ಎಣಿಸಿದರೆ ನೂರ ಐವತ್ತೊಂದು. ಕೊನೆಯ ಹೆಸರು ತಾರೇಮಾ, ಐವತ್ತು ತುಂಬಿದ ಮೇಲೆ ಬರುವವಳು ಎಂದು.

"ಒಬ್ಬಳಿಂದ ಬಾವಿ ಉಪ್ಪಾಗತ್ತೇನೇ?" ಎಂದರು ಹಿರಿಯರು.

ಆಗುವುದಿಲ್ಲ, ಅದು ಆಕೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಪೆನ್ನು ತೆಗೆದು ತನ್ನ ಹೆಸರಿಗೆ ತಾನೇ ಗೆರೆ ಎಳೆದರು. "ಒಂದ್ಸಲ ನನ್ನ ಅಂಕಿ ತಪ್ಪಿತ್ತು. ಈ ಸಲ ತಪ್ಪಬಾರ್ದು ಅಷ್ಟೇ" ಎಂದರು. ತಾಯಿ ಹಡಗು ಹೊರಟ ಬೆಳಿಗ್ಗೆ ಅಲ್ಲಿನ ರೂಢಿಯ ಮುತ್ತಿನಂತೆ ಮಗಳ ಕೆನ್ನೆಯನ್ನು ಮೂಸಿ, ಚಾಪೆ ಸುತ್ತಿಕೊಂಡು ಹತ್ತಿದರು. ತಾರೇಮಾ ಹಡಗು ಕಣ್ಮರೆಯಾಗುವವರೆಗೂ ನಿಂತಿದ್ದು, ನೇರ ಕೊಳವೆಗಳ ಹತ್ತಿರ ಹೋದರು. ಇಪ್ಪತ್ತೆರಡೂ ಆ ದಿನ ತಡವಾಗಿ ಮುಗಿದವು.

ಈಗ ಒಂದೂವರೆ ವರ್ಷವಾಗಿದೆ. ಪ್ರತಿ ಸೋಮವಾರ ಹತ್ತು ಗಂಟೆಗೆ ಕಚೇರಿಯ ರೇಡಿಯೋದಲ್ಲಿ ಬೌರೋ ಅಜ್ಜನ ಗಂಟಲು ಗರಗರ ಎನ್ನುತ್ತದೆ. ಮಳೆ ಇಷ್ಟು, ಬಾವಿ ಇಷ್ಟು. ಹೊಸ ಪುಸ್ತಕದಲ್ಲಿ ತಾರೀಕಿಗೊಂದು ಕಾಲಂ, ಚಂದ್ರನಿಗೊಂದು ಕಾಲಂ. ತಾರೇಮಾ ಅಂಕಿ ಬರೆದುಕೊಂಡು, ಹೆಜ್ಜೆಗಳನ್ನು ಇನ್ನೊಂದು ವಾರ ಮುಂದಕ್ಕೆ ಜೋಡಿಸುತ್ತಾರೆ. ಕೆಲಸದ ಮಾತು ಮುಗಿದ ಮೇಲೆ, ಇಯೋತೇಬಾ ಕೇಳಿಸಿಕೊಳ್ಳದ ಹಾಗೆ ನಟಿಸುತ್ತಿರುವಾಗ, ಉಳಿದ ಪ್ರಶ್ನೆಗಳು. ಗಾಳಿ ಯಾವ ಕಡೆಯಿಂದ? ಅಮ್ಮ ಗುಂಡಿಗೆ ಸೊಪ್ಪು ಹಾಕಿದ್ಳಾ? ಬಬಾಯಿ ಎಷ್ಟು ಎಲೆ ಬಿಟ್ಟಿದೆ?

ಆಸೆ ಸತ್ತಿಲ್ಲ. ಕಂಪ್ಯೂಟರಿನಲ್ಲಿ ಯಾರಿಗೂ ತೋರಿಸದ, ಮಾಡೆಲಿನ ಒಂದು ಓಟ ಇದೆ ಎಂದು ಆಕೆ ನಾಚುತ್ತ ಒಪ್ಪಿಕೊಳ್ಳುತ್ತಾರೆ. ನಲವತ್ತು ವರ್ಷ, ನಾಲ್ಕು ಬರ, ಎಲ್ಲ ಹಾಗೇ, ಜನ ಮಾತ್ರ ನೂರ ಐವತ್ತೊಂದು. ಮೂರನೇ ಬರದ ಕೊನೆಯ ಹೆಜ್ಜೆಗಳಲ್ಲಿ ಉಪ್ಪಿನ ಗೆರೆ ಏರಿ ಏರಿ, ಮಿತಿಯ ಹತ್ತಿರ ಬಂದು, ಮುಟ್ಟದೇ ಇಳಿಯುತ್ತದೆ. ಆ ಓಟವನ್ನು ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಟ್ಟಿಲ್ಲ.

ಹಾಗಾದರೆ ಇನ್ನು ಮೂರು ವರ್ಷಕ್ಕೆ ಹೋಗಬಹುದಲ್ಲ? ಕೇಳಿದರೆ ತಾರೇಮಾ ಕಣ್ಣೊರೆಸಿಕೊಂಡು, ಎದುರಿನ ಪರದೆಯ ಮೇಲಿನ ಧೂಳನ್ನೂ ಅದೇ ಬಟ್ಟೆಯಿಂದ ಒರೆಸುತ್ತಾರೆ.

"ಹೋದ ತಿಂಗಳು ನನ್ನ ತಂಗಿ ಮಗಳಿಗೆ ಹೆಣ್ಣು ಮಗು ಆಯ್ತು. ಅಲ್ಲೇ, ನಮ್ಮ ಮನೇಲೇ. ಏಳು ವರ್ಷದಲ್ಲಿ ಬಿಕೆನೂಕಾದಲ್ಲಿ ಹುಟ್ಟಿದ ಮೊದಲ ಕೂಸು. ಹೆರಿಗೆ ಕಾಗದದಲ್ಲಿ ಹುಟ್ಟಿದ ಊರು ಅನ್ನೋ ಕಡೆ ಏನು ಬರೀಲಿ ಅಂತ ನರ್ಸು ಕೇಳಿದ್ಳಂತೆ, ಬಿಕೆನೂಕಾ ಅಂತ ಬರೀರಿ ಅಂದ್ಳಂತೆ ನಮ್ಮಮ್ಮ, ಜೋರಾಗಿ. ಅವಳು ನೂರ ಐವತ್ತೊಂದನೆಯವಳು. ನಾನು ಓಡಿಸಿ ನೋಡಿದೀನಿ, ಅವಳಿಗೆ ನೀರಿದೆ."